ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳ ಹಕ್ಕು: ನ್ಯಾಯಾಲಯಗಳ ತೀರ್ಪು ಹಾಗೂ ಗ್ರಾಮ ಪಂಚಾಯಿತಿಯ ಹೊಣೆ

ಕುಟುಂಬದ ಯಜಮಾನರು ಮರಣ ಹೊಂದಿದ ನಂತರ ಗ್ರಾಮಠಾಣಾ ವ್ಯಾಪ್ತಿಯ ಮನೆ, ನಿವೇಶನಗಳ ಖಾತೆ ಬದಲಾವಣೆಗೆ ಗಂಡುಮಕ್ಕಳು ಮಾತ್ರ ಅರ್ಜಿ ಸಲ್ಲಿಸುವುದು, ವಂಶವೃಕ್ಷದಲ್ಲಿ ವಿವಾಹಿತ ಹೆಣ್ಣುಮಕ್ಕಳ ಹೆಸರನ್ನು ಕೈಬಿಡುವುದು ಇಂದಿಗೂ ಕಂಡುಬರುತ್ತದೆ. ಇಂತಹ ಪ್ರಕರಣಗಳು ಮುಂದೆ ವಿಭಾಗ ದಾವೆಗಳಾಗಿ ಸಿವಿಲ್ ನ್ಯಾಯಾಲಯದ ಮೆಟ್ಟಿಲೇರುತ್ತವೆ. ಆದುದರಿಂದ ಈ ವಿಷಯದಲ್ಲಿನ ಕಾನೂನು ಸ್ಥಿತಿಯನ್ನು ಸದಸ್ಯರು ಅರಿತಿರುವುದು ಅವಶ್ಯ.

ಕಾನೂನು ಬೆಳೆದುಬಂದ ಬಗೆ

ಕರ್ನಾಟಕವು 1994ರಲ್ಲಿಯೇ ಹಿಂದೂ ಉತ್ತರಾಧಿಕಾರ ಕಾಯ್ದೆ, 1956ಕ್ಕೆ ತಿದ್ದುಪಡಿ ತಂದು ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ನೀಡಿತು. ಆದರೆ ಅದಕ್ಕೆ ಮೊದಲೇ ವಿವಾಹವಾಗಿದ್ದವರಿಗೆ ಅದು ಅನ್ವಯಿಸಲಿಲ್ಲ. ದಿನಾಂಕ 9-9-2005ರಿಂದ ಜಾರಿಗೆ ಬಂದ ಕೇಂದ್ರ ತಿದ್ದುಪಡಿಯು ವಿವಾಹಿತೆ, ಅವಿವಾಹಿತೆ ಎಂಬ ಭೇದವನ್ನು ತೆಗೆದುಹಾಕಿತು.

ಆ ದಿನದಂದು ತಂದೆ ಜೀವಂತವಾಗಿರಬೇಕೇ ಎಂಬ ಪ್ರಶ್ನೆ ಉಳಿಯಿತು. ಕರ್ನಾಟಕದಿಂದಲೇ ಹೋದ ಎರಡು ಪ್ರಕರಣಗಳಲ್ಲಿ, ಅಂದರೆ ಪ್ರಕಾಶ್ ವಿರುದ್ಧ ಫೂಲವತಿ (2015) ಹಾಗೂ ದಾನಮ್ಮ ವಿರುದ್ಧ ಅಮರ್ (2018) ಪ್ರಕರಣಗಳಲ್ಲಿ, ಸರ್ವೋಚ್ಚ ನ್ಯಾಯಾಲಯದ ಅಭಿಪ್ರಾಯಗಳು ಭಿನ್ನವಾಗಿ ಕಂಡವು. ದಿನಾಂಕ 11-8-2020ರಂದು ವಿನೀತಾ ಶರ್ಮಾ ವಿರುದ್ಧ ರಾಕೇಶ್ ಶರ್ಮಾ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠವು ಗೊಂದಲವನ್ನು ಪರಿಹರಿಸಿತು.

ತೀರ್ಪಿನ ಮುಖ್ಯಾಂಶಗಳು

1. ಮಗಳ ಹಕ್ಕು ಹುಟ್ಟಿನಿಂದಲೇ ಬರುತ್ತದೆ. 9-9-2005ರಂದು ತಂದೆ ಜೀವಂತವಾಗಿರಬೇಕೆಂಬ ನಿಯಮವಿಲ್ಲ.
2. 20-12-2004ಕ್ಕೆ ಮೊದಲು ಕಾನೂನುಬದ್ಧವಾಗಿ ಆದ ವಿಭಾಗ ಅಥವಾ ಪರಭಾರೆಗೆ ಬಾಧೆಯಿಲ್ಲ.
3. ಬಾಯಿಮಾತಿನ ಪಾಲುಪಟ್ಟಿಯ ವಾದವನ್ನು ಸಾಮಾನ್ಯವಾಗಿ ಒಪ್ಪಲಾಗದು. ಸಾರ್ವಜನಿಕ ದಾಖಲೆಗಳ ಬೆಂಬಲವಿರುವ ಅಪರೂಪದ ಪ್ರಕರಣಗಳಲ್ಲಿ ಮಾತ್ರ ಅದನ್ನು ಪರಿಗಣಿಸಬಹುದು.

ತಂದೆಯ ಸ್ವಯಾರ್ಜಿತ ಆಸ್ತಿಯ ವಿಷಯ ಬೇರೆ. ಅದನ್ನು ಅವರು ಮರಣಶಾಸನದ ಮೂಲಕ ತಮ್ಮ ಇಚ್ಛೆಯಂತೆ ನೀಡಬಹುದು. ಮರಣಶಾಸನವಿಲ್ಲದಿದ್ದಲ್ಲಿ ಪತ್ನಿ, ತಾಯಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಸಮಾನ ಪಾಲಿಗೆ ಅರ್ಹರು. ಈ ಕಾಯ್ದೆಯು ಮುಸ್ಲಿಂ ಮತ್ತು ಕ್ರೈಸ್ತ ಕುಟುಂಬಗಳಿಗೆ ಅನ್ವಯಿಸುವುದಿಲ್ಲ. ಅವರ ಉತ್ತರಾಧಿಕಾರಕ್ಕೆ ಪ್ರತ್ಯೇಕ ಕಾನೂನುಗಳಿವೆ.

ಪಂಚಾಯಿತಿ ಗಮನಿಸಬೇಕಾದುದು

ಖಾತೆಯು ತೆರಿಗೆ ವಸೂಲಿಗಾಗಿ ಇರುವ ದಾಖಲೆ. ಅದರಿಂದ ಮಾಲೀಕತ್ವ ಹುಟ್ಟುವುದಿಲ್ಲ, ಅಳಿಯುವುದೂ ಇಲ್ಲ. ಜಿತೇಂದ್ರ ಸಿಂಗ್ ಪ್ರಕರಣದಲ್ಲಿ (2021) ಸರ್ವೋಚ್ಚ ನ್ಯಾಯಾಲಯವು ಇದನ್ನು ಪುನರುಚ್ಚರಿಸಿದೆ. ಹಕ್ಕಿನ ವಿವಾದವನ್ನು ಸಿವಿಲ್ ನ್ಯಾಯಾಲಯವೇ ತೀರ್ಮಾನಿಸಬೇಕು. ಅದು ಪಂಚಾಯಿತಿ ಸಭೆಯ ಅಧಿಕಾರವಲ್ಲ. ಆದಾಗ್ಯೂ ಪಂಚಾಯಿತಿಯ ವಹಿಗಳು ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ಹಾಜರಾಗುತ್ತವೆ. ತಪ್ಪು ನಮೂದು ಒಬ್ಬ ಹೆಣ್ಣುಮಗಳನ್ನು ವರ್ಷಗಟ್ಟಲೆ ನ್ಯಾಯಾಲಯಕ್ಕೆ ಅಲೆಸಬಲ್ಲದು.

ಆದುದರಿಂದ ಪೌತಿ ಖಾತೆಯ ಅರ್ಜಿಗಳಲ್ಲಿ ಎಲ್ಲ ವಾರಸುದಾರರ ಹೆಸರಿದೆಯೇ ಎಂಬುದನ್ನು ಪರಿಶೀಲಿಸುವುದು ಸೂಕ್ತ. ಸಹೋದರಿಯರು ಪಾಲು ಬಿಟ್ಟುಕೊಟ್ಟಿದ್ದಾರೆ ಎಂದು ಹೇಳಿದಲ್ಲಿ ನೋಂದಾಯಿತ ಹಕ್ಕು ಬಿಡುಗಡೆ ಪತ್ರವನ್ನು ಕೇಳಬೇಕು; ಛಾಪಾ ಕಾಗದದ ಮೇಲಿನ ಒಪ್ಪಿಗೆ ಸಾಲದು. ತಕರಾರು ಅಥವಾ ನ್ಯಾಯಾಲಯದ ತಡೆಯಾಜ್ಞೆ ಇದ್ದಲ್ಲಿ ಅದನ್ನು ದಾಖಲಿಸಿಕೊಳ್ಳಬೇಕು. ವಾರಸುದಾರರನ್ನು ಬಲ್ಲ ಸದಸ್ಯರು, ಅವರ ಹೆಸರು ಬಿಟ್ಟುಹೋದ ಮಹಜರಿಗೆ ಸಾಕ್ಷಿ ಸಹಿ ಹಾಕಬಾರದು. ಸರ್ಕಾರಿ ನೌಕರರಿಗೆ ತಿಳಿದೂ ಸುಳ್ಳು ಮಾಹಿತಿ ನೀಡುವುದು ದಿನಾಂಕ 1-7-2024ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಡಿ ಅಪರಾಧವಾಗಬಹುದು.

ಆದಾಯ ಎಷ್ಟೇ ಇದ್ದರೂ ಮಹಿಳೆಯರು ಉಚಿತ ಕಾನೂನು ನೆರವಿಗೆ ಅರ್ಹರು. ಹಕ್ಕಿನಿಂದ ವಂಚಿತರಾದವರಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಅಥವಾ 15100 ಸಹಾಯವಾಣಿಯನ್ನು ಸಂಪರ್ಕಿಸುವಂತೆ ಸದಸ್ಯರು ತಿಳಿಸಬಹುದು. ಈ ಮಾಹಿತಿಯನ್ನು ಮಹಿಳಾ ಗ್ರಾಮ ಸಭೆಯಲ್ಲಿ ಓದಿ ಹೇಳುವುದು ಉಪಯುಕ್ತ.