ತೆಳು ಕಾಂಕ್ರೀಟ್ ತೊಟ್ಟಿಗೆ ಜಾಲರಿಯ ಬಲ

ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ವರ್ಷವಿಡೀ ಹರಿಯುವ ಹೊಳೆ ಇಲ್ಲ. ಮಳೆ, ಕೆರೆ ಮತ್ತು ಆಳದ ಕೊಳವೆಬಾವಿಗಳೇ ಇಲ್ಲಿಯ ಬೇಸಾಯಕ್ಕೆ ಆಧಾರ. 2018ರಿಂದ ಕೋರಮಂಗಲ-ಚಲ್ಲಘಟ್ಟ ಕಣಿವೆ ಯೋಜನೆಯ ಮೂಲಕ ಬೆಂಗಳೂರಿನ ಸಂಸ್ಕರಿಸಿದ ನೀರು ಜಿಲ್ಲೆಯ ಹಲವು ಕೆರೆಗಳನ್ನು ಸೇರುತ್ತಿದೆಯಾದರೂ ಹೊಲದಲ್ಲಿ ನೀರಿನ ಬೆಲೆ ಇಳಿದಿಲ್ಲ. ಕರೆಂಟ್ ಇದ್ದಾಗ ಎತ್ತಿದ ನೀರನ್ನು ತೊಟ್ಟಿಯಲ್ಲಿ ತುಂಬಿಟ್ಟು ಟೊಮೇಟೊ ಬೆಳೆಗೆ, ಮಾವಿನ ಎಳೆ ಗಿಡಗಳಿಗೆ, ದನಕರುಗಳಿಗೆ ಬಳಸುವುದು ರೂಢಿ. ಇಂಥ ತೊಟ್ಟಿಯ ಸೀಳಿನಿಂದ ನಿಮಿಷಕ್ಕೆ ಒಂದು ಲೋಟ, ಅಂದರೆ 200 ಮಿ.ಲೀ. ನೀರು ಸೋರಿದರೂ ದಿನಕ್ಕೆ 288 ಲೀಟರ್ ವ್ಯರ್ಥವಾಗುತ್ತದೆ. ತೊಟ್ಟಿ ಏಕೆ ಸೀಳುತ್ತದೆ, ಅದನ್ನು ತಡೆಯಲು ಜಾಲರಿ ಹೇಗೆ ನೆರವಾಗುತ್ತದೆ ಎಂಬುದನ್ನು ರೈತರು ತಿಳಿದಿರುವುದು ಒಳ್ಳೆಯದು.

ಕಲ್ಲು ಚಪ್ಪಡಿಯ ಪಾಠ

ಈ ಭಾಗದ ಹಳೆಯ ಮನೆಗಳಲ್ಲಿ ಕಲ್ಲುಕಂಬ ಎಷ್ಟು ಭಾರವನ್ನಾದರೂ ಹೊತ್ತು ನಿಂತಿರುತ್ತದೆ. ಆದರೆ ಮೇಲೆ ಹಾಸಿದ ಚಪ್ಪಡಿ ಉದ್ದವಾದಷ್ಟೂ ನಡುವೆ ಮುರಿಯುವ ಭಯ ಹೆಚ್ಚು. ಆದ್ದರಿಂದಲೇ ಕಂಬಗಳನ್ನು ಹತ್ತಿರ ಹತ್ತಿರ ನಿಲ್ಲಿಸುತ್ತಿದ್ದರು. ಭಾರ ಬಿದ್ದಾಗ ಚಪ್ಪಡಿಯ ಮೇಲ್ಭಾಗ ಒತ್ತಲ್ಪಡುತ್ತದೆ, ಕೆಳಭಾಗ ಎಳೆಯಲ್ಪಡುತ್ತದೆ. ಕಲ್ಲು ಒತ್ತಡವನ್ನು ತಡೆಯುತ್ತದೆ, ಎಳೆತವನ್ನು ಅಷ್ಟಾಗಿ ತಡೆಯದು.

ಕಾಂಕ್ರೀಟಿನ ಗುಣವೂ ಇದೇ. ಅದರ ಎಳೆತ ತಾಳುವ ಶಕ್ತಿ ಒತ್ತಡ ತಾಳುವ ಶಕ್ತಿಯ ಸುಮಾರು ಹತ್ತನೆಯ ಒಂದು ಭಾಗ ಮಾತ್ರ. 10 ಮೀಟರ್ ಉದ್ದದ ಕಾಂಕ್ರೀಟನ್ನು ಒಂದರಿಂದ ಒಂದೂವರೆ ಮಿ.ಮೀ. ಎಳೆದರೆ ಸಾಕು, ಅದು ಬಿರುಕು ಬಿಡುತ್ತದೆ.

2 ಮೀಟರ್ ವ್ಯಾಸ, 1.5 ಮೀಟರ್ ಎತ್ತರದ ದುಂಡು ತೊಟ್ಟಿ ಸುಮಾರು 4,700 ಲೀಟರ್ ನೀರು ಹಿಡಿಯುತ್ತದೆ. ತುಂಬಿದಾಗ ನೀರು ಗೋಡೆಯನ್ನು ಹೊರಕ್ಕೆ ತಳ್ಳುವುದರಿಂದ ಗೋಡೆಯು ಸುತ್ತಲೂ ಎಳೆತಕ್ಕೆ ಒಳಗಾಗುತ್ತದೆ. ತಳದ ಬಳಿ ಈ ಎಳೆತ ಒಂದು ಮೀಟರ್ ಎತ್ತರದ ಪಟ್ಟಿಗೆ 1,500 ಕಿ.ಗ್ರಾಂ.ನಷ್ಟು. ಗೋಡೆ 3 ಸೆಂ.ಮೀ. ದಪ್ಪವಿದ್ದರೆ ಚದರ ಸೆಂ.ಮೀ.ಗೆ 5 ಕಿ.ಗ್ರಾಂ. ಮಾತ್ರ ಬೀಳುತ್ತದೆ. ಒಳ್ಳೆಯ ಗಾರೆ ಇದನ್ನು ತಾಳಬಲ್ಲದು. ಹಾಗಿದ್ದರೂ ತೊಟ್ಟಿ ಸೀಳುವುದೇಕೆ? ಗಾರೆ ಒಣಗುವಾಗ ಕುಗ್ಗುತ್ತದೆ. ಬಿಸಿಲಿಗೆ ಹಿಗ್ಗಿ ರಾತ್ರಿಯ ತಂಪಿಗೆ ಮತ್ತೆ ಕುಗ್ಗುತ್ತದೆ. ಗೋಡೆ ಕುಗ್ಗಲು ತಳ ಬಿಡುವುದಿಲ್ಲ. ಹೀಗಾಗಿ ನೀರು ತುಂಬುವ ಮೊದಲೇ ಬಿರುಕು ಹುಟ್ಟಬಹುದು. ಒಮ್ಮೆ ಬಿರುಕು ಬಿಟ್ಟ ಮೇಲೆ ಆ ಜಾಗದಲ್ಲಿ 1,500 ಕಿ.ಗ್ರಾಂ. ಎಳೆತವನ್ನೂ ಜಾಲರಿಯೊಂದೇ ಹೊರಬೇಕು.

ಜಾಲರಿ ಮಾಡುವ ಕೆಲಸ

ಕಬ್ಬಿಣದ ಕಂಬಿಗೆ ತುಕ್ಕು ಹಿಡಿಯದಂತೆ ಅದರ ಮೇಲೆ ಎರಡು ಸೆಂ.ಮೀ.ಗಿಂತ ಹೆಚ್ಚು ಕಾಂಕ್ರೀಟ್ ಹೊದಿಕೆ ಬೇಕು. ಆದ್ದರಿಂದ ಗೋಡೆ ದಪ್ಪವಾಗುತ್ತದೆ. ಬಟ್ಟೆಯ ಹಾಸು-ಹೊಕ್ಕಿನಂತೆ ಹೆಣೆದ ಗಾಜಿನ ಅಥವಾ ಇಂಗಾಲದ ನೂಲಿನ ಜಾಲರಿ ತುಕ್ಕು ಹಿಡಿಯುವುದಿಲ್ಲ. ಅದನ್ನು ನಯವಾದ ಮರಳಿನ ಗಾರೆಯಲ್ಲಿ ಹುದುಗಿಸಿದರೆ ಒಂದೂವರೆಯಿಂದ 3 ಸೆಂ.ಮೀ. ದಪ್ಪದ ಹಲಗೆಯೇ ಗಟ್ಟಿಯಾಗುತ್ತದೆ. ಜರ್ಮನಿಯ ಡ್ರೆಸ್ಡನ್ ಮತ್ತು ಆಖನ್ ವಿಶ್ವವಿದ್ಯಾಲಯಗಳಲ್ಲಿ 1999ರಿಂದ ಇದರ ಬಗ್ಗೆ ವ್ಯಾಪಕ ಸಂಶೋಧನೆ ನಡೆದಿದೆ. ನಮ್ಮಲ್ಲಿ ಚೆನ್ನೈನ ರಚನಾ ಎಂಜಿನಿಯರಿಂಗ್ ಸಂಶೋಧನಾ ಕೇಂದ್ರವೂ ಇದರ ಮೇಲೆ ಕೆಲಸ ಮಾಡಿದೆ.

ಇಂಥ ಹಲಗೆಯನ್ನು ಎಳೆದಾಗ ಅದು ಮೂರು ಹಂತಗಳಲ್ಲಿ ವರ್ತಿಸುತ್ತದೆ. ಮೊದಲು ಗಾರೆಯೇ ಭಾರ ಹೊರುತ್ತದೆ. ಎರಡನೆಯ ಹಂತದಲ್ಲಿ ಮೊದಲ ಬಿರುಕು ಬಿಡುತ್ತದೆ. ಆದರೆ ಜಾಲರಿ ಎರಡೂ ಅಂಚುಗಳನ್ನು ಹಿಡಿದುಕೊಂಡು ಭಾರವನ್ನು ಪಕ್ಕದ ಗಾರೆಗೆ ದಾಟಿಸುತ್ತದೆ. ಅಲ್ಲಿ ಮತ್ತೊಂದು ಬಿರುಕು, ಅದರಾಚೆ ಇನ್ನೊಂದು. ಒಂದು ಅಗಲವಾದ ಸೀಳಿನ ಬದಲು ಕೂದಲೆಳೆಯಂಥ ಅನೇಕ ಬಿರುಕುಗಳಾಗುತ್ತವೆ. 0.1 ಮಿ.ಮೀ.ಗಿಂತ ಸಣ್ಣ ಬಿರುಕುಗಳು ಸಿಮೆಂಟಿನಿಂದ ಬಿಡುಗಡೆಯಾಗುವ ಸುಣ್ಣದಿಂದ ತಾವಾಗಿಯೇ ಮುಚ್ಚಿಕೊಳ್ಳುವುದೂ ಉಂಟು. ಮೂರನೆಯ ಹಂತದಲ್ಲಿ ಜಾಲರಿಯೊಂದೇ ಎಳೆತವನ್ನು ಹೊತ್ತು ಕೊನೆಗೆ ತಟ್ಟನೆ ಹರಿಯುತ್ತದೆ. ಉಕ್ಕಿನಂತೆ ಅದು ಜಗ್ಗುವುದಿಲ್ಲ. ಆದ್ದರಿಂದ ಹೆಚ್ಚುತ್ತಿರುವ ಸಣ್ಣ ಬಿರುಕುಗಳೇ ಎಚ್ಚರಿಕೆ ಎಂದು ತಿಳಿಯಬೇಕು.

ರೇಷ್ಮೆ ನೂಲಿನಂತೆ ಗಾಜಿನ ನೂಲಿನಲ್ಲೂ ಅನೇಕ ಎಳೆಗಳಿರುತ್ತವೆ. ಗಾರೆ ಹೊರಗಿನ ಎಳೆಗಳಿಗೆ ಅಂಟುತ್ತದೆ, ಒಳಗಿನವು ಜಾರುತ್ತವೆ. ಎಲ್ಲ ಎಳೆಗಳೂ ಒಟ್ಟಾಗಿ ಭಾರ ಹೊರಲೆಂದೇ ನೂಲಿಗೆ ಅಂಟಿನ ಲೇಪ ಕೊಡುತ್ತಾರೆ.

ಯಾವ ಜಾಲರಿ ಬೇಡ?

ಷೇಡ್ ನೆಟ್, ಗೋಣಿತಟ್ಟು ಸುಲಭವಾಗಿ ಸಿಗುತ್ತವೆಂದು ತೊಟ್ಟಿಯ ಬಲಕ್ಕೆ ಅವನ್ನು ನಂಬಬಾರದು. ಷೇಡ್ ನೆಟ್ಟಿನ ಪ್ಲಾಸ್ಟಿಕ್, ಅಷ್ಟೇ ದಪ್ಪದ ಗಾಜಿನ ನೂಲಿಗಿಂತ ಹತ್ತು ಪಟ್ಟಿಗೂ ಹೆಚ್ಚು ಹಿಗ್ಗುತ್ತದೆ. ಅದು ಬಿಗಿಯಾಗುವಷ್ಟರಲ್ಲಿ ಬಿರುಕು ಬಾಯಿ ತೆರೆದಿರುತ್ತದೆ. ಗೋಣಿಯ ನಾರನ್ನು ಸಿಮೆಂಟಿನ ಕ್ಷಾರ ಕಾಲಕ್ರಮದಲ್ಲಿ ತಿನ್ನುತ್ತದೆ. ಸಾಮಾನ್ಯ ಗಾಜಿಗೂ ಇದೇ ಗತಿ. ಜಿರ್ಕೋನಿಯ ಬೆರೆತ ಕ್ಷಾರನಿರೋಧಕ ಗಾಜಿನ ಜಾಲರಿಯನ್ನೇ ಕೇಳಿ ಪಡೆಯಬೇಕು. ಅದು ಸಿಗದಿದ್ದರೆ ಸತು ಲೇಪಿಸಿದ ಚಿಕನ್ ಮೆಶ್ ಮತ್ತು ಬೆಸುಗೆ ಜಾಲರಿಯಿಂದ ಕಟ್ಟುವ ಫೆರೊಸಿಮೆಂಟ್ ತೊಟ್ಟಿಯೇ ಮೇಲು. ಇದು ಹೊಸದಲ್ಲ. ಫ್ರಾನ್ಸಿನ ಲ್ಯಾಂಬೋ ಎಂಬಾತ 1848ರಲ್ಲಿಯೇ ತಂತಿ ಜಾಲರಿ ಮತ್ತು ಗಾರೆಯಿಂದ ದೋಣಿ ಕಟ್ಟಿದ್ದ.

ಕಟ್ಟುವಾಗ ಗಮನಿಸಬೇಕಾದ ಅಂಶಗಳು

1. ಮರಳನ್ನು ಜರಡಿ ಹಿಡಿದು ಮಣ್ಣು ಮತ್ತು ದಪ್ಪ ಹರಳುಗಳನ್ನು ತೆಗೆಯಬೇಕು. ಒಂದು ಪಾಲು ಸಿಮೆಂಟಿಗೆ ಎರಡು ಪಾಲು ಮರಳು ಸಾಕು.

2. 50 ಕಿ.ಗ್ರಾಂ. ಮೂಟೆಗೆ 20-22 ಲೀಟರ್ ನೀರು ಮೀರಬಾರದು. ನೀರು ಹೆಚ್ಚಾದರೆ ಕುಗ್ಗುವಿಕೆಯೂ ಹೆಚ್ಚು.

3. ಜಾಲರಿಯನ್ನು ಸುಕ್ಕಿಲ್ಲದಂತೆ ಬಿಗಿಯಾಗಿ ಎಳೆದು ಕಟ್ಟಬೇಕು. ಸಡಿಲವಾದ ಜಾಲರಿ ಬಿರುಕನ್ನು ಹಿಡಿಯದು. ಸೇರುವಲ್ಲಿ ಒಂದರ ಮೇಲೊಂದು ಕನಿಷ್ಠ 10-15 ಸೆಂ.ಮೀ. ಬರಲಿ.

4. ಗಾರೆಯು ಜಾಲರಿಯ ಕಣ್ಣುಗಳಲ್ಲಿ ತೂರುವಂತೆ ಒತ್ತಬೇಕು. ತಂತಿ ಹೊರಗೆ ಕಾಣಬಾರದು.

5. ಗೋಡೆಯ ಮೇಲೆ ಒದ್ದೆ ಗೋಣಿ ಹೊದಿಸಿ ಎರಡು ವಾರ ಕ್ಯೂರಿಂಗ್ ಮಾಡಬೇಕು. ಗೋಣಿಯ ಸರಿಯಾದ ಜಾಗ ಗೋಡೆಯ ಮೇಲೆ, ಒಳಗಲ್ಲ.

6. ನೀರನ್ನು ಒಂದೇ ಸಲ ತುಂಬದೆ ಮೂರು ನಾಲ್ಕು ದಿನಗಳಲ್ಲಿ ಹಂತಹಂತವಾಗಿ ತುಂಬಬೇಕು. ಬೇಸಿಗೆಯಲ್ಲಿ ತೊಟ್ಟಿಯನ್ನು ಪೂರ್ತಿ ಒಣಗಲು ಬಿಡಬಾರದು.

ದೊಡ್ಡ ತೊಟ್ಟಿ ಅಥವಾ ಎತ್ತರದ ಮೇಲೆ ನಿಲ್ಲಿಸುವ ತೊಟ್ಟಿಗೆ ಜಾಲರಿಯ ಪದರಗಳೆಷ್ಟು ಎಂಬುದನ್ನು ಎಂಜಿನಿಯರರಿಂದಲೇ ಲೆಕ್ಕ ಹಾಕಿಸಬೇಕು. ಸಿಮೆಂಟ್ ಹೆಚ್ಚು ಸುರಿದ ಮಾತ್ರಕ್ಕೆ ತೊಟ್ಟಿ ಗಟ್ಟಿಯಾಗುವುದಿಲ್ಲ. ತಕ್ಕ ಜಾಲರಿ, ತಕ್ಕ ಜಾಗದಲ್ಲಿ, ಬಿಗಿಯಾಗಿ ಕೂತರೆ ತೆಳು ಗೋಡೆಯೂ ನೀರು ನಿಲ್ಲಿಸುತ್ತದೆ. ಸಾವಿರಾರು ಅಡಿ ಆಳದಿಂದ ಎತ್ತಿದ ನೀರು ಬಿರುಕಿನಲ್ಲಿ ಹರಿದುಹೋಗದೆ ಬೆಳೆಯ ಬೇರನ್ನು ಸೇರುತ್ತದೆ.