ಮಗಳ ಕಾಲೇಜಿಗೆ ಒಮ್ಮೆ ಹೋಗಿ ನೋಡಿ

ಸಹೋದರಿಯರೇ, ಗಾಲಿಕುರ್ಚಿಯಲ್ಲಿರುವ ನಿಮ್ಮ ಮಗಳು ಪಿಯುಸಿ ಪಾಸಾಗಿದ್ದಾಳೆಂದು ಭಾವಿಸಿ. ‘ಓದಿದ್ದು ಸಾಕು, ದಿನಾ ಯಾರು ಕರಕೊಂಡು ಹೋಗುವುದು?’ ಎಂಬ ಮಾತು ಮೊದಲು ಹೊರಡುವುದು ನಮ್ಮ ಬಾಯಿಯಿಂದಲೇ. ಅದಕ್ಕೆ ಮುಂಚೆ ಒಮ್ಮೆ ಕ್ಯಾಂಪಸ್ ನೋಡಿ ಬನ್ನಿ.

ರ‍್ಯಾಂಪ್ ಇದ್ದರೆ ಸಾಲದು. ಒಂದು ಅಡಿ ಎತ್ತರ ಏರಲು ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕು. ಅದಕ್ಕಿಂತ ಕಡಿದಾದರೆ ಒಬ್ಬಳೇ ಕುರ್ಚಿ ತಳ್ಳಿಕೊಂಡು ಏರುವುದು ಕಷ್ಟ. ಗ್ರಂಥಾಲಯ ಮಹಡಿಯ ಮೇಲಿದೆಯೇ? ಲಿಫ್ಟ್ ಇದ್ದರೂ ಅದು ಅಧ್ಯಾಪಕರಿಗೆ ಮಾತ್ರವೇ? ಶೌಚಾಲಯದ ಬಾಗಿಲಲ್ಲಿ ಕುರ್ಚಿ ಹಿಡಿಯುತ್ತದೆಯೇ? ಶೌಚಾಲಯಕ್ಕೆ ಹೆದರಿ ಹೆಣ್ಣುಮಕ್ಕಳು ದಿನವಿಡೀ ನೀರು ಕುಡಿಯದೆ ಕೂರುವುದು ತಾಯಂದಿರಿಗೆ ಗೊತ್ತಿಲ್ಲದ್ದೇನಲ್ಲ.

ಇದು ಯಾರ ಔದಾರ್ಯವೂ ಅಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಂತೆ, ಶೇ. 40 ಅಥವಾ ಹೆಚ್ಚು ವೈಕಲ್ಯವುಳ್ಳವರಿಗೆ ಸರಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳು ಕನಿಷ್ಠ ಶೇ. 5 ಸೀಟು ಮೀಸಲಿಡಬೇಕು. ವಯೋಮಿತಿಯಲ್ಲಿ 5 ವರ್ಷ ಸಡಿಲಿಕೆಯೂ ಉಂಟು. ಅಂಧ ವಿದ್ಯಾರ್ಥಿನಿಗೆ ಪರೀಕ್ಷೆಯಲ್ಲಿ ಉತ್ತರ ಬರೆದುಕೊಡುವವರು ಸಿಗುತ್ತಾರೆ. ಗಂಟೆಗೆ 20 ನಿಮಿಷ ಹೆಚ್ಚುವರಿ ಸಮಯವಿದೆ.

ಅಂಧ ಸಹಾಬಿ ಅಬ್ದುಲ್ಲಾ ಇಬ್ನು ಉಮ್ಮಿ ಮಕ್ತೂಮ್(ರ) ಕಲಿಯಲು ಬಂದಾಗ ಪ್ರವಾದಿ(ಸ)ರು ಕುರೈಶ್ ಮುಖಂಡರೊಡನೆ ಮಾತಿನಲ್ಲಿದ್ದರು. ಆಗ ಅವತೀರ್ಣವಾದದ್ದೇ ‘ಅಬಸ’ ಅಧ್ಯಾಯ. ಮುಂದೆ ಮದೀನಾದಲ್ಲಿ ಅಝಾನ್ ಕೊಟ್ಟವರಲ್ಲಿ ಅವರೂ ಒಬ್ಬರು.

ಅರ್ಜಿಯ ಜೊತೆ ಯುಡಿಐಡಿ ಕಾರ್ಡಿನ ಪ್ರತಿ ಇಡಿ. ತರಗತಿಯನ್ನು ನೆಲ ಅಂತಸ್ತಿನಲ್ಲೇ ನಡೆಸುವಂತೆ ಪ್ರಾಂಶುಪಾಲರಿಗೆ ಬರೆದು ಕೊಡಿ, ಬಾಯಿಮಾತು ಬೇಡ.