ಐವತ್ತೇಳು ಗಂಟೆಗಳ ಮಾತಿಗೆ ಒಂದು ರಾತ್ರಿಯ ಸಾಕ್ಷಿ

ಪಂದ್ಯಗಳನ್ನು ಜನರು ಪದಕಕ್ಕಾಗಿ ನಡೆಸುತ್ತಾರೆ, ಹಣಕ್ಕಾಗಿ ನಡೆಸುತ್ತಾರೆ, ಊರಿನ ಅಭಿಮಾನಕ್ಕಾಗಿಯೂ ನಡೆಸುತ್ತಾರೆ. ಆದರೆ ತನ್ನ ಸಂಶೋಧನಾ ವರದಿಯ ಒಂದು ಮಾತನ್ನು ಲೋಕವು ನಂಬಲಿಲ್ಲವೆಂಬ ಕಾರಣದಿಂದ ವಿಜ್ಞಾನಿಯೊಬ್ಬನು ಪಂದ್ಯವನ್ನು ಏರ್ಪಡಿಸಿದ ಸಂದರ್ಭವು ಅಪೂರ್ವವಾದದ್ದು. 1884ರ ಏಪ್ರಿಲ್ 3 ಮತ್ತು 4ನೆಯ ತಾರೀಖುಗಳಲ್ಲಿ ಸ್ವೀಡನ್ ದೇಶದ ಉತ್ತರ ತುದಿಯಲ್ಲಿ, ಯೊಕ್‌ಮೊಕ್ ಎಂಬ ಊರಿನ ಬಳಿ, ಅಂತಹ ಪಂದ್ಯವೊಂದು ನಡೆಯಿತು. ಸ್ಪರ್ಧಾಳುಗಳು ಹಿಮದ ಮೇಲೆ ಸ್ಕೀಗಳನ್ನು ಕಟ್ಟಿಕೊಂಡು 220 ಕಿಲೋಮೀಟರ್ ದೂರವನ್ನು ಕ್ರಮಿಸಬೇಕಾಗಿತ್ತು. ಅಷ್ಟು ದೂರವನ್ನು ಹಗಲೊಂದರಲ್ಲಿ ಮುಗಿಸುವುದು ಆ ಕಾಲದಲ್ಲಿ ಸಾಧ್ಯವಿರಲಿಲ್ಲ. ಇಡೀ ರಾತ್ರಿಯನ್ನು ದಾರಿಯಲ್ಲಿಯೇ ಕಳೆಯಬೇಕಾಗಿತ್ತು.

ಸ್ಕೀ ಎಂದರೆ ಉದ್ದವಾದ, ಕಿರಿದಾದ, ತುದಿಯಲ್ಲಿ ಮೇಲಕ್ಕೆ ಬಾಗಿದ ಹಲಗೆ. ಒಂದೊಂದು ಪಾದಕ್ಕೆ ಒಂದೊಂದು. ಇದು ವಿನೋದಕ್ಕಾಗಿ ಹುಟ್ಟಿದ ವಸ್ತುವಲ್ಲ. ಸ್ವೀಡನ್ನಿನ ಕಾಲ್ವ್‌ಟ್ರೆಸ್ಕ್ ಎಂಬಲ್ಲಿ ಜೌಗಿನಲ್ಲಿ ಹೂತಿದ್ದ ಸ್ಕೀ ಒಂದು 1924ರಲ್ಲಿ ದೊರೆಯಿತು. ಅದರ ವಯಸ್ಸು ಸುಮಾರು ಐದು ಸಾವಿರ ವರ್ಷಗಳೆಂದು ನಿರ್ಧರಿಸಿದ್ದಾರೆ. ಉತ್ತರ ಯೂರೋಪಿನಲ್ಲಿ ಹಿಮಸಾರಂಗಗಳನ್ನು ಸಾಕಿ ಬಾಳುವ ಸಾಮಿ ಜನರಿಗೆ ಸ್ಕೀ ನಮ್ಮ ಹಳ್ಳಿಗರಿಗೆ ಎತ್ತಿನ ಗಾಡಿ ಇದ್ದಂತೆ ನಿತ್ಯದ ಸಾಧನವಾಗಿತ್ತು. (ಈ ಜನರನ್ನು ಹಳೆಯ ಪುಸ್ತಕಗಳು ‘ಲ್ಯಾಪರು’ ಎಂದು ಕರೆಯುತ್ತವೆ. ಆ ಹೆಸರು ಅವರಿಗೆ ಸಮ್ಮತವಾದದ್ದಲ್ಲ.)

ಕಥೆಯ ಮೂಲವು ಸ್ವೀಡನ್ನಿನಲ್ಲಿಲ್ಲ, ಗ್ರೀನ್‌ಲ್ಯಾಂಡಿನಲ್ಲಿದೆ. ಅಡಾಲ್ಫ್ ಎರಿಕ್ ನಾರ್ಡೆನ್‌ಶೋಲ್ಡ್ ಎಂಬ ವಿಜ್ಞಾನಿಯು ‘ವೇಗಾ’ ಎಂಬ ಹಡಗಿನಲ್ಲಿ ಏಷ್ಯಾ ಖಂಡದ ಉತ್ತರ ಕರಾವಳಿಯನ್ನು ಮೊಟ್ಟಮೊದಲು ದಾಟಿ, 1880ರಲ್ಲಿ ಹಿಂದಿರುಗಿ ಜಗತ್ಪ್ರಸಿದ್ಧನಾಗಿದ್ದನು. 1883ರಲ್ಲಿ ಅವನು ಗ್ರೀನ್‌ಲ್ಯಾಂಡಿನ ಒಳನಾಡನ್ನು ನೋಡಲು ಹೊರಟನು. ಆ ಮಹಾದ್ವೀಪದ ಅಂಚೆಲ್ಲ ಮಂಜುಗಡ್ಡೆಯಿಂದ ಮುಚ್ಚಿರುವುದನ್ನು ಎಲ್ಲರೂ ಬಲ್ಲರು. ನಡುವೆ ಏನಿದೆ ಎಂಬುದು ಮಾತ್ರ ಯಾರಿಗೂ ತಿಳಿದಿರಲಿಲ್ಲ. ನಾರ್ಡೆನ್‌ಶೋಲ್ಡನ ತರ್ಕ ಹೀಗಿತ್ತು: ಸಮುದ್ರದಿಂದ ಬರುವ ತೇವದ ಗಾಳಿಯು ಅಂಚಿನ ಎತ್ತರಗಳನ್ನು ಏರುವಾಗ ತನ್ನ ನೀರನ್ನೆಲ್ಲ ಹಿಮವಾಗಿ ಸುರಿಸಿಬಿಡುತ್ತದೆ, ಒಳನಾಡಿಗೆ ಇಳಿಯುವ ಗಾಳಿಯು ಒಣಗಿ ಬೆಚ್ಚಗಾಗಿರುತ್ತದೆ, ಆದ್ದರಿಂದ ನಡುವೆ ಹಿಮವಿಲ್ಲದ, ಪ್ರಾಯಶಃ ಹಸುರಾದ ನೆಲವಿರಬೇಕು. ಪಶ್ಚಿಮ ಘಟ್ಟದ ಪೂರ್ವಕ್ಕೆ ಮಳೆಯ ನೆರಳಿನ ಸೀಮೆ ಇರುವುದನ್ನು ಬಲ್ಲ ನಮ್ಮ ವಿದ್ಯಾರ್ಥಿಗಳಿಗೆ ಈ ತರ್ಕವು ಹುಚ್ಚೆಂದು ತೋರಲಾರದು. ತರ್ಕವು ಸರಿಯಾಗಿಯೇ ಇತ್ತು. ಅಂಚಿನಿಂದ ಒಳಕ್ಕೆ ನೆಲ ಇಳಿಯುತ್ತದೆ ಎಂಬ ಊಹೆಯೊಂದು ತಪ್ಪಾಗಿತ್ತು.

ಜುಲೈ ತಿಂಗಳಿನಲ್ಲಿ ಅವನ ತಂಡವು ಪಶ್ಚಿಮ ತೀರದಿಂದ ನೂರು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು ದೂರ ಒಳಕ್ಕೆ ನಡೆಯಿತು. ಅಲ್ಲಿ ಬೇಸಿಗೆಯ ಬಿಸಿಲಿಗೆ ಕರಗಿದ ಹಿಮವು ಕೆಸರಿನಂತಾಗಿ ಜಾರುಬಂಡಿಗಳನ್ನು ಎಳೆಯುವುದು ಅಸಾಧ್ಯವಾಯಿತು. ನಾರ್ಡೆನ್‌ಶೋಲ್ಡನು ತಾನು ಅಲ್ಲಿಯೇ ನಿಂತು, ಜೊತೆಗೆ ಕರೆತಂದಿದ್ದ ಪಾವಾ ಲಾರ್ಸ್ ತುವೋರ್ಡಾ ಮತ್ತು ಆಂಡೆರ್ಸ್ ರಾಸಾ ಎಂಬ ಇಬ್ಬರು ಸಾಮಿಗಳನ್ನು ಸ್ಕೀಗಳ ಮೇಲೆ ಮುಂದಕ್ಕೆ ಕಳುಹಿಸಿದನು. ಇಬ್ಬರೂ 57 ಗಂಟೆಗಳಾದ ಮೇಲೆ ಹಿಂದಿರುಗಿದರು. ತಾವು 230 ಕಿಲೋಮೀಟರ್ ಒಳಕ್ಕೆ ಹೋಗಿ ಅಷ್ಟನ್ನೇ ಹಿಂದಕ್ಕೆ ಬಂದೆವೆಂದೂ, ಎಲ್ಲಿ ನೋಡಿದರೂ ಹಿಮವಲ್ಲದೆ ಬೇರೇನೂ ಕಾಣಲಿಲ್ಲವೆಂದೂ ಹೇಳಿದರು.

ಒಟ್ಟು 460 ಕಿಲೋಮೀಟರ್! ಇದನ್ನು ಕೇಳಿ ಅನೇಕರು ನಕ್ಕರು. ನಗುವಿಗೆ ಎರಡು ಕಾರಣಗಳಿದ್ದುವೆಂದು ಊಹಿಸಬಹುದು. ಮೊದಲನೆಯದು ನ್ಯಾಯವಾದದ್ದು, ಗುರುತಿಲ್ಲದ ಬಿಳಿಯ ಬಯಲಿನಲ್ಲಿ ದೂರವನ್ನು ಅಂದಾಜು ಮಾಡುವುದು ಬಹಳ ಕಷ್ಟ. ಎರಡನೆಯದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ: ಸಾಕ್ಷಿ ಹೇಳಿದವರು ಹಿಮಸಾರಂಗ ಕಾಯುವವರು, ಪಂಡಿತರಲ್ಲ. ಅದೇ ಮಾತನ್ನು ಒಬ್ಬ ನೌಕಾಧಿಕಾರಿ ಹೇಳಿದ್ದರೆ ಅಷ್ಟು ನಗು ಹುಟ್ಟುತ್ತಿತ್ತೇ ಎಂಬುದು ಸಂದೇಹ.

ನಾರ್ಡೆನ್‌ಶೋಲ್ಡನು ವಾದಕ್ಕೆ ಪ್ರತಿವಾದ ಬರೆಯುತ್ತ ಕೂರಲಿಲ್ಲ. ಮನುಷ್ಯನು ಸ್ಕೀಗಳ ಮೇಲೆ ಅಷ್ಟು ವೇಗವಾಗಿ ಅಷ್ಟು ಹೊತ್ತು ಹೋಗಬಲ್ಲನೇ ಎಂಬ ಪ್ರಶ್ನೆಯನ್ನು ಪ್ರಯೋಗಕ್ಕೆ ಒಡ್ಡಿದನು. ಯೊಕ್‌ಮೊಕ್‌ನ ಬಳಿಯ ಪುರ್ಕಿಯೌರ್ ಎಂಬಲ್ಲಿಂದ ಹೊರಟು ಬೆಟ್ಟಗಳ ಬುಡದ ಕ್ವಿಕ್‌ಯೊಕ್‌ಗೆ ಹೋಗಿ ಹಿಂದಿರುಗಬೇಕು. ದಾರಿಯು ಬಹುಮಟ್ಟಿಗೆ ಚಿಕ್ಕ ಲೂಲೆ ನದಿಯ ಹೆಪ್ಪುಗಟ್ಟಿದ ಸರೋವರಗಳ ಸಾಲಿನ ಮೇಲೆ ಸಾಗುತ್ತದೆ. ಸಂಜೆ ಪಂದ್ಯ ಪ್ರಾರಂಭವಾಯಿತು.

ಏಪ್ರಿಲ್ ತಿಂಗಳಿನ ರಾತ್ರಿ ಏಕೆ ಅನುಕೂಲವಾದದ್ದು ಎಂಬುದನ್ನು ತಿಳಿಯಲು ಹಿಮದ ಸ್ವಭಾವವನ್ನು ಸ್ವಲ್ಪ ನೋಡಬೇಕು. ವಸಂತದ ಹಗಲಿನಲ್ಲಿ ಹಿಮದ ಮೇಲ್ಪದರವು ಬಿಸಿಲಿಗೆ ಕರಗಿ ನೀರಾಗುತ್ತದೆ. ಸೂರ್ಯ ಮುಳುಗಿದ ಮೇಲೆ ಆಕಾಶವು ನಿರ್ಮಲವಾಗಿದ್ದರೆ ನೆಲದ ಉಷ್ಣವು ಬೇಗ ಮೇಲಕ್ಕೆ ಹೊರಟುಹೋಗುತ್ತದೆ. ಆಗ ಹಿಮದ ಹರಳುಗಳ ನಡುವೆ ಇಳಿದಿದ್ದ ನೀರು ಹೆಪ್ಪುಗಟ್ಟಿ ಅವುಗಳನ್ನು ಗಾರೆಯಂತೆ ಬೆಸೆಯುತ್ತದೆ. ಮಧ್ಯಾಹ್ನ ಮಂಡಿಯವರೆಗೆ ಹೂತುಹೋಗುವ ಹಿಮವು ನಡುರಾತ್ರಿಯಲ್ಲಿ ಮನುಷ್ಯನ ಭಾರವನ್ನು ಹೊರುವ ಗಟ್ಟಿ ಹೊದಿಕೆಯಾಗುತ್ತದೆ. ಉತ್ತರ ದೇಶದವರು ವಸಂತದಲ್ಲಿ ದೂರ ಪ್ರಯಾಣವನ್ನು ರಾತ್ರಿಯಲ್ಲಿ ಮಾಡುವುದಕ್ಕೆ ಇದೇ ಕಾರಣ.

ಹಿಮವು ಗಟ್ಟಿಯಾದ ಮಾತ್ರಕ್ಕೆ ಸ್ಕೀ ಜಾರುವುದೇಕೆ? ಬಹಳ ಕಾಲ ಪಠ್ಯಪುಸ್ತಕಗಳು ಇದಕ್ಕೆ ಒಂದು ಸುಲಭವಾದ ಉತ್ತರವನ್ನು ಕೊಡುತ್ತಿದ್ದುವು: ಒತ್ತಡದಿಂದ ಮಂಜುಗಡ್ಡೆಯ ಕರಗುವ ಬಿಂದು ಕೆಳಗಿಳಿಯುತ್ತದೆ, ಹೀಗಾಗಿ ಹಲಗೆಯ ಅಡಿಯಲ್ಲಿ ನೀರಿನ ಪೊರೆ ಉಂಟಾಗುತ್ತದೆ. ಲೆಕ್ಕ ಹಾಕಿ ನೋಡೋಣ. ಎರಡು ಮೀಟರ್ ಉದ್ದ, ಏಳು ಸೆಂಟಿಮೀಟರ್ ಅಗಲದ ಎರಡು ಸ್ಕೀಗಳ ಮೇಲೆ 70 ಕಿಲೋಗ್ರಾಮ್ ತೂಕದ ಮನುಷ್ಯ ನಿಂತರೆ, ಒಂದು ಚದರ ಸೆಂಟಿಮೀಟರಿನ ಮೇಲೆ ಬೀಳುವ ಭಾರ 25 ಗ್ರಾಮ್ ಮಾತ್ರ. ಅಂದರೆ ವಾಯುಮಂಡಲದ ಒತ್ತಡದ ಸುಮಾರು ನಲವತ್ತನೆಯ ಒಂದು ಭಾಗ. ಕರಗುವ ಬಿಂದುವನ್ನು ಒಂದು ಡಿಗ್ರಿಯಷ್ಟು ಇಳಿಸಬೇಕಾದರೂ ನೂರಕ್ಕೂ ಮಿಕ್ಕಿದ ವಾಯುಮಂಡಲಗಳ ಒತ್ತಡ ಬೇಕು. ಸ್ಕೀ ಹಿಮವನ್ನು ಮುಟ್ಟುವುದು ಕೆಲವೇ ಹರಳುಗಳ ತುದಿಯಲ್ಲಿ, ಅಲ್ಲಿ ಒತ್ತಡ ಹೆಚ್ಚು ಎಂದು ಒಪ್ಪಿದರೂ ಕೊರೆಯುವ ಚಳಿಯಲ್ಲಿ ಈ ಲೆಕ್ಕ ಸರಿಹೋಗುವುದಿಲ್ಲ. 1939ರಲ್ಲಿ ಬೌಡನ್ ಮತ್ತು ಹ್ಯೂಸ್ ಎಂಬ ವಿಜ್ಞಾನಿಗಳು ಸ್ವಿಟ್ಜರ್ಲೆಂಡಿನ ಯುಂಗ್‌ಫ್ರೌಯೋಕ್ ಶಿಖರಕೇಂದ್ರದಲ್ಲಿ ಪ್ರಯೋಗಗಳನ್ನು ಮಾಡಿ, ನೀರಿನ ಪೊರೆಗೆ ಮುಖ್ಯ ಕಾರಣ ಘರ್ಷಣೆಯ ಶಾಖವೆಂದು ತೋರಿಸಿದರು. ಜಾರುವುದರಿಂದ ಶಾಖ, ಶಾಖದಿಂದ ನೀರು, ನೀರಿನಿಂದ ಮತ್ತಷ್ಟು ಸುಲಭವಾದ ಜಾರಿಕೆ! ಮಂಜುಗಡ್ಡೆಯ ಮೇಲ್ಮೈಯ ಅಣುಗಳು ಒಳಗಿನವುಗಳಷ್ಟು ಬಿಗಿಯಾಗಿ ಬಂಧಿತವಾಗಿಲ್ಲ ಎಂಬುದೂ ಇದಕ್ಕೆ ಸಹಾಯಕವೆಂದು ಈಗ ತಿಳಿದಿದೆ. ಚಳಿ ಅತಿಯಾದರೆ ಘರ್ಷಣೆಯ ಶಾಖ ಸಾಲದೆ ಹಿಮವು ಮರಳಿನಂತೆ ಸ್ಕೀಯನ್ನು ಹಿಡಿಯುತ್ತದೆ. ಸೊನ್ನೆ ಡಿಗ್ರಿಗೆ ಹತ್ತಿರವಾದರೆ ನೀರು ಹೆಚ್ಚಾಗಿ ಹಲಗೆಯನ್ನು ಹೀರಿಕೊಂಡಂತೆ ತಡೆಯುತ್ತದೆ. ಸಂಜೆಯಿಂದ ಬೆಳಗಿನವರೆಗೆ ನಡೆಯುವ ಪಂದ್ಯದಲ್ಲಿ ಈ ಎರಡೂ ತೊಂದರೆಗಳು ಒಂದಾದ ಮೇಲೊಂದು ಎದುರಾಗಬಹುದು.

ಇನ್ನು ಶರೀರದ ಮಾತು. ಗಂಟೆಗೆ 500 ಕಿಲೋಕ್ಯಾಲೊರಿಯಷ್ಟೇ ಖರ್ಚೆಂದು ಜಿಪುಣತನದಿಂದ ಲೆಕ್ಕ ಹಿಡಿದರೂ ಇಪ್ಪತ್ತೊಂದು ಗಂಟೆಗಳಲ್ಲಿ ಅದು ಹತ್ತು ಸಾವಿರವನ್ನು ಮೀರುತ್ತದೆ. ಸ್ನಾಯುಗಳಲ್ಲಿಯೂ ಯಕೃತ್ತಿನಲ್ಲಿಯೂ ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟ ಸಕ್ಕರೆ ಸುಮಾರು ಅರ್ಧ ಕಿಲೋಗ್ರಾಮ್. ಅದರಿಂದ ದೊರೆಯುವುದು ಎರಡು ಸಾವಿರ ಕಿಲೋಕ್ಯಾಲೊರಿ. ಉಳಿದದ್ದನ್ನು ದಾರಿಯ ಆಹಾರವೂ ಮೈಯ ಕೊಬ್ಬೂ ಒದಗಿಸಬೇಕು. ಕೊಬ್ಬು ಹೇರಳವಾಗಿದೆ, ಆದರೆ ಅದು ನಿಧಾನವಾಗಿ ಉರಿಯುವ ಸೌದೆ; ಅದನ್ನು ನೆಚ್ಚಿದವನು ವೇಗವನ್ನು ತಗ್ಗಿಸಲೇಬೇಕು. ಬೆಳಗಿನ ಜಾವ ನಾಲ್ಕರ ಸುಮಾರಿಗೆ ದೇಹದ ಉಷ್ಣತೆಯೂ ದಿನದಲ್ಲಿ ಅತ್ಯಂತ ಕೆಳಮಟ್ಟಕ್ಕೆ ಇಳಿಯುತ್ತದೆ, ನಿದ್ರೆ ಒತ್ತರಿಸಿಕೊಂಡು ಬರುತ್ತದೆ. ಹೊರಗಿನ ಚಳಿಯೂ ಆಗಲೇ ತೀವ್ರ. ಓಡುವವನಿಗೆ ಚಳಿಯ ಭಯವಿಲ್ಲ, ಅವನು ಖರ್ಚುಮಾಡುವ ಶಕ್ತಿಯಲ್ಲಿ ಮುಕ್ಕಾಲು ಪಾಲು ಶಾಖವಾಗಿಯೇ ಹೊರಬೀಳುತ್ತದೆ. ಬೆವರಿದ ಬಟ್ಟೆಯಲ್ಲಿ ನಿಂತವನಿಗೆ ಅಪಾಯ. ಸಾಮಿಗಳು ತಮ್ಮ ಪಾದರಕ್ಷೆಗಳೊಳಗೆ ಒಂದು ಜಾತಿಯ ಜೌಗುಹುಲ್ಲನ್ನು ಒಣಗಿಸಿ ತುಂಬುತ್ತಿದ್ದರು. ಅದು ಬೆವರನ್ನು ಹೀರಿ, ಗಾಳಿಯನ್ನು ಹಿಡಿದಿಟ್ಟು, ಪಾದವನ್ನು ಕಾಪಾಡುತ್ತಿತ್ತು. ಕಾಲುಚೀಲಕ್ಕಿಂತ ಇದು ಕೀಳೆಂದು ತಿಳಿಯಬಾರದು.

ಶಕ್ತಿಯ ಈ ಕೊರತೆಗೆ ಒಂದು ಉಪಾಯವೆಂದರೆ ದೂರವನ್ನು ಹಂಚಿಕೊಳ್ಳುವುದು. ಸ್ವೀಡನ್ನಿನಲ್ಲಿಯೇ 1922ರಿಂದ ನಡೆಯುವ ವಾಸಾಲೊಪೆಟ್ ಎಂಬ 90 ಕಿಲೋಮೀಟರ್ ಪಂದ್ಯಕ್ಕೆ ಈಗ ಸರದಿ ತಂಡಗಳ ರೂಪವೂ ಇದೆ. ಐದು ಮಂದಿ ಕ್ರಮವಾಗಿ 24, 23, 15, 9 ಮತ್ತು 19 ಕಿಲೋಮೀಟರ್ ಹೋಗುತ್ತಾರೆ. ಒಬ್ಬೊಬ್ಬನೂ ಕೂಡಿಟ್ಟ ಸಕ್ಕರೆ ತೀರುವ ಮೊದಲೇ ಮುಂದಿನವನಿಗೆ ದಾರಿ ಬಿಟ್ಟುಕೊಡುತ್ತಾನೆ. ಅದೇ ದಾರಿಯಲ್ಲಿ ತಲೆಗೆ ದೀಪ ಕಟ್ಟಿಕೊಂಡು, ಇಬ್ಬರಿಬ್ಬರ ಜೋಡಿಗಳಾಗಿ, ಒಬ್ಬರನ್ನೊಬ್ಬರು ಬಿಡದೆ ಸಾಗುವ ರಾತ್ರಿಯ ಪಂದ್ಯವೂ ಉಂಟು. ಜೋಡಿಯಲ್ಲಿ ದೂರ ಹಂಚಿಹೋಗುವುದಿಲ್ಲ. ಆದರೆ ಮುಂದಿನವನು ಗಾಳಿಯನ್ನು ಸೀಳುತ್ತಾನೆ, ಹಿಂದಿನವನು ಅಷ್ಟು ಹೊತ್ತು ಸುಧಾರಿಸಿಕೊಳ್ಳುತ್ತಾನೆ, ಬಳಿಕ ಸ್ಥಾನ ಬದಲಾಗುತ್ತದೆ. ಗ್ರೀನ್‌ಲ್ಯಾಂಡಿನಲ್ಲಿ ತುವೋರ್ಡಾ ಮತ್ತು ರಾಸಾ ಇಬ್ಬರೇ ಇದ್ದರೆಂಬುದನ್ನು ಇಲ್ಲಿ ನೆನೆಯಬೇಕು.

1884ರಲ್ಲಿ ಸರದಿಯಿರಲಿಲ್ಲ, ಪ್ರತಿಯೊಬ್ಬನೂ ಪೂರ್ತಿ ದೂರ ಹೋಗಬೇಕಾಗಿತ್ತು. ಗೆದ್ದವನು ಬೇರೆ ಯಾರೂ ಅಲ್ಲ, ತುವೋರ್ಡಾನೇ. ವಿಶ್ರಾಂತಿಯೂ ಸೇರಿ ಅವನಿಗೆ ಹಿಡಿದ ಕಾಲ 21 ಗಂಟೆ 22 ನಿಮಿಷ. ಐದೇ ಸೆಕೆಂಡುಗಳ ಹಿಂದೆ ಪೆರ್ ಉಲೂಫ್ ಲೆಂಟಾ ಎಂಬವನು ಬಂದನು. ಆ ವೇಗದಲ್ಲಿ ಐದು ಸೆಕೆಂಡೆಂದರೆ ಹದಿನಾಲ್ಕು ಮೀಟರ್. ಒಂದು ರಾತ್ರಿ, ಅರ್ಧ ಹಗಲು, 220 ಕಿಲೋಮೀಟರ್, ಕೊನೆಗೆ ನಡುವೆ ಉಳಿದ ಅಂತರ ಒಂದು ಶಾಲೆಯ ಕೊಠಡಿಯ ಉದ್ದಕ್ಕಿಂತ ಸ್ವಲ್ಪ ಹೆಚ್ಚು!

ನಗುತ್ತಿದ್ದವರು ಈಗ ಗಣಿತ ಮಾಡಬೇಕಾಯಿತು. ಪಂದ್ಯದ ಸರಾಸರಿ ವೇಗ ಗಂಟೆಗೆ 10.3 ಕಿಲೋಮೀಟರ್. ಗ್ರೀನ್‌ಲ್ಯಾಂಡಿನ ಹೇಳಿಕೆ ನಿಜವಾಗಬೇಕಾದರೆ ಗಂಟೆಗೆ 8.1 ಕಿಲೋಮೀಟರ್ ಸಾಕು. ಪಂದ್ಯದ ವೇಗದಲ್ಲಿಯೇ 460 ಕಿಲೋಮೀಟರ್ ಹೋದರೆ 45 ಗಂಟೆಗಳಾಗುತ್ತವೆ, ವಿಶ್ರಾಂತಿಗೆ ಇನ್ನೂ ಹನ್ನೆರಡು ಗಂಟೆ ಮಿಗುತ್ತದೆ. ನಾರ್ಡೆನ್‌ಶೋಲ್ಡನ ಪಕ್ಷಕ್ಕೆ ಇದು ದೊಡ್ಡ ಜಯವೆಂದು ತೋರಿತು.

ಆದರೆ ಎಚ್ಚರಿಕೆಯುಳ್ಳ ವಿದ್ಯಾರ್ಥಿಯು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಪಂದ್ಯವು ಏನನ್ನು ಸಾಧಿಸಿತು? ಇಂತಹ ಪ್ರಯಾಣವು ಮನುಷ್ಯಶಕ್ತಿಗೆ ಮೀರಿದ್ದಲ್ಲ ಎಂಬುದನ್ನು. ಆ ಪ್ರಯಾಣವು ನಡೆದೇ ನಡೆಯಿತು ಎಂಬುದನ್ನಲ್ಲ. ಸರೋವರದ ಮೇಲಣ ಏಪ್ರಿಲ್ ಹಿಮವು ಜುಲೈ ತಿಂಗಳಿನ ಗ್ರೀನ್‌ಲ್ಯಾಂಡಿನ ಹಿಮವಲ್ಲ. ಅದಕ್ಕಿಂತಲೂ ತೊಡಕಾದದ್ದು ಎತ್ತರದ ಸಂಗತಿ. ಆ ಇಬ್ಬರು ಮುಟ್ಟಿದ ಎತ್ತರವು ಎರಡು ಸಾವಿರ ಮೀಟರಿಗೆ ಸ್ವಲ್ಪ ಕಡಮೆಯೆಂದು ದಾಖಲಾಯಿತು. 1888ರಲ್ಲಿ ಫ್ರಿತ್ಯೋಫ್ ನಾನ್ಸೆನ್ ಇನ್ನೂ ದಕ್ಷಿಣದಲ್ಲಿ ಗ್ರೀನ್‌ಲ್ಯಾಂಡನ್ನು ಸ್ಕೀಗಳ ಮೇಲೆ ಅಡ್ಡಹಾಯ್ದಾಗ ಸುಮಾರು 2,700 ಮೀಟರ್ ಎತ್ತರವನ್ನು ಏರಬೇಕಾಯಿತು. ಮಂಜುಗಡ್ಡೆಯು ಒಳಕ್ಕೆ ಹೋದಂತೆಲ್ಲ ಬೋರಲು ಹಾಕಿದ ಬೋಗುಣಿಯಂತೆ ಉಬ್ಬಿದೆ. ನಿಜವಾಗಿ 230 ಕಿಲೋಮೀಟರ್ ಮುಂದೆ ಹೋಗಿದ್ದರೆ ಅವರು ಇನ್ನೂ ಎತ್ತರವನ್ನು ಕಾಣಬೇಕಾಗಿತ್ತೆಂದು ತೋರುತ್ತದೆ. ನಾನ್ಸೆನ್ನನಿಗೂ ಆ ದೂರದ ವಿಷಯದಲ್ಲಿ ಸಂದೇಹವಿತ್ತು. ದೂರವನ್ನು ಅವರು ಹೆಚ್ಚಾಗಿ ಅಂದಾಜು ಮಾಡಿದರೆಂಬುದೇ ಹೆಚ್ಚು ಸಂಭವನೀಯವೆಂದು ನನಗೂ ಅನಿಸುತ್ತದೆ. ಸುಳ್ಳು ಹೇಳುವುದು ಬೇರೆ, ಗುರುತಿಲ್ಲದ ಬಯಲಿನಲ್ಲಿ ದೂರವನ್ನು ತಪ್ಪಾಗಿ ಎಣಿಸುವುದು ಬೇರೆ.

ಅವರ ಹೇಳಿಕೆಯ ಎರಡನೆಯ ಭಾಗ, ಒಳಗೆಲ್ಲ ಹಿಮವೇ ಎಂಬುದು, ಅಕ್ಷರಶಃ ನಿಜವಾಯಿತು. ನಾರ್ಡೆನ್‌ಶೋಲ್ಡನ ಹಸುರು ನೆಲವನ್ನು ನಾನ್ಸೆನ್ ಎಲ್ಲಿಯೂ ಕಾಣಲಿಲ್ಲ. ವೇಗೆನರ್‌ನ ಯಾತ್ರೆಯವರು 1930-31ರಲ್ಲಿ ದ್ವೀಪದ ಮಧ್ಯಭಾಗದಲ್ಲಿ ಸಿಡಿಮದ್ದಿನ ಕಂಪನಗಳಿಂದ ಮಂಜುಗಡ್ಡೆಯ ದಪ್ಪವನ್ನು ಅಳೆದರು. ಕೆಲವೆಡೆ ಅದು ಮೂರು ಕಿಲೋಮೀಟರುಗಳನ್ನು ಮೀರುತ್ತದೆಂದು ಈಗ ತಿಳಿದಿದೆ. ಇಬ್ಬರು ಸಾಮಿಗಳ ಪ್ರಯಾಣದ ವಾರ್ತೆಯನ್ನು 1883ರಲ್ಲಿ ಪತ್ರಿಕೆಯಿಂದ ತಿಳಿದದ್ದರಿಂದಲೇ ಸ್ಕೀಗಳ ಮೇಲೆ ದ್ವೀಪವನ್ನು ದಾಟುವ ಯೋಚನೆ ನಾನ್ಸೆನ್ನನಿಗೆ ಹೊಳೆಯಿತು. ಅವನ ಆರು ಜನರ ತಂಡದಲ್ಲಿಯೂ ಇಬ್ಬರು ಸಾಮಿಗಳಿದ್ದರು: ಸಾಮುಯೆಲ್ ಬಾಲ್ಟೋ ಮತ್ತು ಊಲೆ ನೀಲ್ಸೆನ್ ರಾವ್ನಾ.

ಯೊಕ್‌ಮೊಕ್‌ನ ಪಂದ್ಯವು ಬಹುಕಾಲ ಮರೆತುಹೋಗಿದ್ದು 2016ರಲ್ಲಿ ಮತ್ತೆ ನಡೆಯಿತು; ದೂರ ಅದೇ 220 ಕಿಲೋಮೀಟರ್. ಈ ಸಲ ಯಂತ್ರಗಳಿಂದ ಕೊರೆದ ಜಾಡುಗಳಿದ್ದುವು, ಹಗುರವಾದ ಸ್ಕೀಗಳಿದ್ದುವು, ಎರಡು ಕೈಗೂ ಊರುಗೋಲುಗಳಿದ್ದುವು, ದಾರಿಯುದ್ದಕ್ಕೂ ಆಹಾರದ ಠಾಣ್ಯಗಳಿದ್ದುವು. ಮುಂಚೂಣಿಯವರಿಗೆ ಸುಮಾರು ಹನ್ನೆರಡು ಗಂಟೆಗಳು ಹಿಡಿದುವು.